ಚೆಂಡು ಕೊಡುವಾಗ ಕರೆದದ್ದು

ಬೆಳಗಾದರೆ ಸಾಕು, ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಲಿಫ್ಟ್ ಮೆಕ್ಯಾನಿಕ್ಕನ ಬಾಯಿ ಶುರುವಾಗುತ್ತಿತ್ತು. ಎದುರಿಗೆ ಆರು ವರ್ಷದ ಮಗಳು, ನಡುವೆ ಒಂದು ಫುಟ್‌ಬಾಲ್. ಅವನು ಒದ್ದದ್ದನ್ನು ಅವಳು ಕಾಲಿನ ಒಳಬದಿಯಿಂದ ತಡೆದು ವಾಪಸ್ ತಳ್ಳಬೇಕು.

"ತಗೋ, ದಂಡಪಿಂಡ! ಪಾದ ತಿರುಗಿಸು! ಕಣ್ಣು ಎಲ್ಲಿಟ್ಟಿದ್ದೀಯ?"

ಚೆಂಡು ತಪ್ಪಿ ಕಾರಿನಡಿ ಹೋದರೆ ತರುವವಳೂ ಅವಳೇ, ಬೈಸಿಕೊಳ್ಳುವವಳೂ ಅವಳೇ. ಅವನೇ ಅಡ್ಡಾದಿಡ್ಡಿ ಒದ್ದಿದ್ದರೂ ಅಷ್ಟೇ. ಮೇಲಿನ ಮನೆಗಳವರು ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ಇದನ್ನು ಕೇಳಿಸಿಕೊಂಡು, "ಮಗಳ ಮೇಲೆ ಎಷ್ಟು ಆಸೆ ಇಟ್ಟಿದ್ದಾನೆ ನೋಡಿ" ಎಂದು ಹೊಗಳುತ್ತಿದ್ದರು. ಬೈಗುಳಕ್ಕೆ ಆಸೆ ಎಂದು ಹೆಸರಿಡುವ ಜನಕ್ಕೆ ಏನು ಹೇಳುವುದು! ಅದೇ ಮಾತನ್ನು ಬೀದಿಯಲ್ಲಿ ಯಾರಾದರೂ ಅವರಿಗೆ ಅಂದಿದ್ದರೆ ಕೊರಳಪಟ್ಟಿಗೇ ಕೈ ಹಾಕುತ್ತಿದ್ದರು.

ಸಂಜೆ ಬಡಾವಣೆಯ ಮೈದಾನದಲ್ಲಿ ಪುಟ್ಟ ಹುಡುಗಿಯರ ತಂಡಕ್ಕೆ ತರಬೇತಿ. ಒಂದು ದಿನ ತರಬೇತುಗಾರ್ತಿ ಹೊಸ ಪಾಠ ಹೇಳಿಕೊಟ್ಟರು.

"ಸುಮ್ಮನೆ ಒದೀಬೇಡಿ. ಮೊದಲು ಜೊತೆಗಾತೀನ ಕೂಗಿ ಕರೀರಿ. ಅವಳು ನಿಮ್ಮ ಕಡೆ ನೋಡಿದ ಮೇಲೆ ಪಾಸ್ ಕೊಡಿ."

ಮೆಕ್ಯಾನಿಕ್ಕನ ಮಗಳಿಗೆ ಜೊತೆಯಾಗಿದ್ದವಳು ಔಷಧಿ ಅಂಗಡಿಯವಳ ಮಗಳು. ಇಬ್ಬರೂ ಒಂದೇ ಬಾಟಲಿಯ ನೀರು ಕುಡಿಯುವಷ್ಟು ಗೆಳತಿಯರು. ಮೆಕ್ಯಾನಿಕ್ಕನ ಮಗಳು ಚೆಂಡಿನ ಹಿಂದೆ ನಿಂತು, ಮುಖ ಅರಳಿಸಿ, ಮುದ್ದಾಗಿ ಕರೆದಳು.

"ದಂಡಪಿಂಡಾ, ತಗೋ!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಗೆಳತಿ ಅಲ್ಲೇ ಕುಕ್ಕರಿಸಿ ಅಳತೊಡಗಿದಳು. ಔಷಧಿ ಅಂಗಡಿಯವಳು ಬೆಂಚಿನಿಂದ ಎದ್ದು ಧಾವಿಸಿ ಬಂದಳು.

"ಗೇಣುದ್ದ ಇಲ್ಲ, ನಾಲಿಗೆ ಮಾತ್ರ ಮೊಳದುದ್ದ! ಇಂಥವಳ ಜೊತೆ ನನ್ನ ಮಗಳು ಆಡಲ್ಲ ಮೇಡಂ. ಅವಳಿರಬೇಕು, ಇಲ್ಲಾ ನಾವಿರಬೇಕು."

"ನಾನು ಬೈದಿಲ್ಲ ಆಂಟಿ, ಕರೆದೆ," ಎಂದಳು ಹುಡುಗಿ. ಯಾರೂ ನಂಬಲಿಲ್ಲ. ನಾಳೆ ಅಪ್ಪನನ್ನು ಕರೆದುಕೊಂಡು ಬಾರದಿದ್ದರೆ ತಂಡದಲ್ಲಿ ಜಾಗವಿಲ್ಲ ಎಂದು ತರಬೇತುಗಾರ್ತಿ ಹೇಳಿ ಕಳಿಸಿದರು.

ವಿಷಯ ಕೇಳಿ ಮೆಕ್ಯಾನಿಕ್ ಕೆಂಡಾಮಂಡಲವಾದ. ಸ್ಪ್ಯಾನರ್ ಚೀಲವನ್ನು ನೆಲಕ್ಕೆ ಕುಕ್ಕಿದ.

"ಮಾನ ಕಳೆದೆಯಲ್ಲೇ! ಈ ಕೆಟ್ಟ ಮಾತು ಯಾರ ಹತ್ರ ಕಲಿತೆ? ಬಾಯಿ ಬಿಡು!"

ಹುಡುಗಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಕೆಟ್ಟ ಮಾತಾ? ಪಾಸ್ ಕೊಡೋವಾಗ ನೀನು ನನ್ನನ್ನ ಹಾಗೇ ಕರೀತೀಯಲ್ಲ ಅಪ್ಪ?"

ಒಳಗೆ ಬಟ್ಟೆ ಮಡಿಸುತ್ತಿದ್ದ ಅವನ ಹೆಂಡತಿ ಎದ್ದು ಬಂದಳು. ಎಷ್ಟೋ ದಿನ ಹಲ್ಲು ಕಚ್ಚಿ ಸಹಿಸಿದ್ದವಳು ಅವಳು.

"ಗೊತ್ತಾಯ್ತಾ ಈಗ ಯಾರ ಹತ್ರ ಕಲಿತಳು ಅಂತ?"

"ನೀನು ಸುಮ್ಮನಿರು. ಬೈದು ಹೇಳುವವರು ಬದುಕೋಕೆ ಹೇಳ್ತಾರೆ. ನಮ್ಮಪ್ಪ ಬೆಲ್ಟ್ ಹಿಡಿದೇ ನನಗೆ ಕೆಲಸ ಕಲಿಸಿದ್ದು. ನಾನೇನು ಹಾಳಾಗಿ ಹೋದ್ನಾ? ಇವಳು ನನ್ನ ಹಾಗೆ ಗ್ರೀಸ್ ಮೆತ್ತಿಕೊಂಡು ಬದುಕಬಾರದು ಅಂತ ತಾನೇ ಇಷ್ಟು ಬಡ್ಕೊಳ್ಳೋದು?"

"ಮಾವ ತೀರಿಕೊಂಡಾಗ ನಿಮ್ಮ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ನಾನು ನೋಡಿದೀನಿ. ನಿಮಗೂ ಅದೇ ಬೇಕಾ? ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡವರ ಹತ್ರ ಬಾಗಿಲ ಸಂದಿಯಿಂದ ಎಷ್ಟು ನಯವಾಗಿ ಮಾತಾಡ್ತೀರಿ, 'ಗಾಬರಿ ಆಗಬೇಡಿ, ಇನ್ನೇನು ತೆಗೆದೆ' ಅಂತ! ಗುರುತು ಪರಿಚಯ ಇಲ್ಲದವರಿಗೆ ಬೆಣ್ಣೆ, ಹೆತ್ತ ಮಗಳಿಗೆ ಬೆಂಕಿ. ಅದು ಬೈಗುಳ ಅಂತಾನೂ ಅವಳಿಗೆ ಗೊತ್ತಿಲ್ಲ ರೀ! ತನ್ನ ಹೆಸರು ಅಂದ್ಕೊಂಡಿದ್ದಾಳೆ!"

ಅವನು ಸ್ಪ್ಯಾನರ್ ಚೀಲ ಎತ್ತಿಕೊಂಡು ಹೊರಗೆ ಹೋದ. ಸಿಟ್ಟು ಇಳಿದಿರಲಿಲ್ಲ. ಯಾರ ಮೇಲಿನ ಸಿಟ್ಟು ಎಂಬುದು ಮಾತ್ರ ಅವನಿಗೆ ಈಗ ಸರಿಯಾಗಿ ತಿಳಿಯುತ್ತಿರಲಿಲ್ಲ.

ಮರುದಿನ ಅಪ್ಪ ಮಗಳು ಮೈದಾನಕ್ಕೆ ಹೋದಾಗ ಔಷಧಿ ಅಂಗಡಿಯವಳು ಜಗಳಕ್ಕೆ ಸಿದ್ಧಳಾಗಿಯೇ ನಿಂತಿದ್ದಳು.

"ಆ ಮಾತು ಇವಳದಲ್ಲ, ನಂದು," ಎಂದ ಅವನು. "ದಿನಾ ನಾನು ಅನ್ನೋದನ್ನೇ ಇವಳು ಅಂದಿದ್ದು. ಬಯ್ಯೋದಿದ್ದರೆ ನನ್ನ ಬಯ್ಯಿರಿ."

ಅವಳು ಬೈದಳು, ಮನಸಾರೆ ಬೈದಳು. ಎಲ್ಲರೆದುರು ಅವನು ತಲೆ ತಗ್ಗಿಸಿ ಕೇಳಿದ. ಆದರೂ ಅವಳ ಮಗಳು ತಾಯಿಯ ಬೆನ್ನ ಹಿಂದಿನಿಂದ ಹೊರಗೆ ಬರಲಿಲ್ಲ. ಉಳಿದವರೆಲ್ಲ ಇಬ್ಬಿಬ್ಬರಾಗಿ ಎದುರುಬದುರು ನಿಂತರು. ಮೆಕ್ಯಾನಿಕ್ಕನ ಮಗಳು ಚೆಂಡು ಅಪ್ಪಿಕೊಂಡು ಒಬ್ಬಳೇ ಉಳಿದಳು.

"ಜೊತೆ ಇಲ್ಲದೆ ಪಾಸ್ ಕಲಿಯೋದು ಹೇಗೆ?" ಎಂದು ತರಬೇತುಗಾರ್ತಿ ಅವನತ್ತ ನೋಡಿದರು. ಅವನು ಚಪ್ಪಲಿ ಕಳಚಿ ಹೋಗಿ ಮಗಳ ಎದುರು ನಿಂತ.

"ಮೊದಲು ನೀನು ಕೊಡು."

"ಅಪ್ಪಾ, ತಗೋ!"

ಚೆಂಡು ನೆಟ್ಟಗೆ ಬಂತು. ಅವನು ಕಾಲು ಚಾಚುವಷ್ಟರಲ್ಲಿ ತಡವಾಗಿ, ಅದು ಪಾದದ ಪಕ್ಕದಿಂದ ಜಾರಿ ಬೇಲಿಯವರೆಗೆ ಉರುಳಿತು. ಚೆಂಡು ಬಿಟ್ಟವನು ಅವನು. ಆದರೆ ಎದುರಿಗಿದ್ದ ಮಗಳು ಕಣ್ಣು ಮುಚ್ಚಿ, ಹೆಗಲನ್ನು ಕಿವಿಯವರೆಗೆ ಮುದುಡಿಕೊಂಡು ನಿಂತಿದ್ದಳು. ಏನೂ ಕೇಳಿಸದಿದ್ದಾಗ ಕಣ್ಣು ಬಿಟ್ಟು ಚೆಂಡು ತರಲು ಓಡಿದಳು.

"ನಿಲ್ಲು ಮಗಳೇ," ಎಂದ. "ಬಿಟ್ಟಿದ್ದು ನಾನು. ನಾನೇ ತರ್ತೀನಿ."

ಬೇಲಿಯ ತನಕ ಹೋಗಿ ಚೆಂಡನ್ನು ಎತ್ತಿಕೊಂಡ. ಆಮೇಲೆ ಬಂದು ಬಗ್ಗಿ ಚೆಂಡನ್ನು ಅವಳ ಪಾದದ ಬಳಿ ಇಟ್ಟ. ಅವಳು ಚೆಂಡನ್ನು ನೋಡಲಿಲ್ಲ. ಅವನ ಬಾಯಿಯನ್ನೇ ನೋಡುತ್ತಿದ್ದಳು.