ಚಿನ್ನಯ್ಯ ಕಡಿದ ಕೊಂಬೆ

೧

ಹಕ್ಕಿಯಿಂದ ಶುರುಮಾಡಲೇ, ಮನುಷ್ಯನಿಂದಲೇ? ಹಕ್ಕಿಯಿಂದ ಶುರುಮಾಡಿದ ಮೂರು ಹಾಳೆ ಹರಿದು ಹಾಕಿದ್ದಾಯಿತು. ಕಾಡು ಬಂದ ಕೂಡಲೇ ನನ್ನ ವಾಕ್ಯಗಳಿಗೆ ಮಂಜು ಮುಸುಕುತ್ತದೆ; ಅದು ನನ್ನ ಹಳೆಯ ಚಾಳಿ. ಆದ್ದರಿಂದ ಮನುಷ್ಯ. ಸಾವಿರದ ಒಂಬೈನೂರ ಅರವತ್ತಮೂರು, ಮೂಡುಬಿದಿರೆ, ಒಂದು ಸಣ್ಣ ಸ್ಟುಡಿಯೋ, ಒಳಗೆ ಐವತ್ತು ದಾಟಿದ ಚಿನ್ನಯ್ಯ.

ಬದುಕಿದ್ದಾಗ ಯಾರೂ ಅವನ ಕ್ಯಾಮೆರಾದ ಮುಂದೆ ಸುಲಭಕ್ಕೆ ಬರುತ್ತಿರಲಿಲ್ಲ. ಫೋಟೋ ತೆಗೆಸಿದರೆ ಆಯುಸ್ಸು ಕಮ್ಮಿಯಾಗುತ್ತದೆಂಬ ಹೆದರಿಕೆ. ಸತ್ತ ಮೇಲೆ ಮನೆಯವರು ಓಡಿ ಬರುತ್ತಿದ್ದರು. ಚಿನ್ನಯ್ಯ ಹೋಗಿ, ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆಯದಂತೆ ಗಲ್ಲ ಕಟ್ಟಿ, ಕಟ್ಟಿದ್ದನ್ನು ಹೂವಿನಲ್ಲಿ ಮರೆಸಿ ಕ್ಲಿಕ್ ಮಾಡುತ್ತಿದ್ದ. (ಮುಖ ಸಿಂಡರಿಸಬೇಡಿ. ನಿಮ್ಮ ಮನೆಯ ಹಳೆಯ ಆಲ್ಬಮ್ ಒಮ್ಮೆ ಬಿಚ್ಚಿ ನೋಡಿ.)

ಅವನಿಗೆ ಸಾಕಾಗಿತ್ತು. ಜೀವವಿರುವ ಒಂದರ ಒಳ್ಳೆಯ ಫೋಟೋ ತೆಗೆಯಬೇಕು, ಅದನ್ನು ಸ್ಟುಡಿಯೋದ ಬಾಗಿಲಿಗೆ ಎದುರಾಗಿ ತೂಗುಹಾಕಬೇಕು. ಆಸೆ ಅಷ್ಟೇ.

೨

ದಾರಿ ತೋರಿಸಿದವಳು ಅಮ್ಮಣಿ. ಬೆಳ್ತಂಗಡಿ ದಾಟಿ ಘಾಟಿಯ ಬುಡದ ಕಾಡಿನಲ್ಲಿ ಸೀಗೆಕಾಯಿ ಕೊಯ್ಯುವ ಹೆಂಗಸು. ಹಿಂದಿನ ವರ್ಷ ಅವಳ ಗಂಡನ ಕೊನೆಯ ಫೋಟೋ ತೆಗೆದವನು ಇವನೇ. (ಇಬ್ಬರೂ ಮಾತಾಡಿದ್ದು ತುಳುವಿನಲ್ಲಿ. ನನಗೋಸ್ಕರ ಶಾಲೆಯ ಕನ್ನಡ ಆಡುತ್ತಿದ್ದಾರೆ, ಪಾಪ.)

"ಒಂದು ಹಕ್ಕಿ ಉಂಟು ಅಣ್ಣ. ಕಪ್ಪೆಯ ಹಾಗೆ ಅಗಲ ಬಾಯಿ. ಹಗಲಿಡೀ ಅಲುಗುವುದಿಲ್ಲ. ಕಣ್ಣೆದುರು ಇದ್ದರೂ ಒಣಗಿದ ಕೊಂಬೆ ಅಂತ ನೀವು ದಾಟಿ ಹೋಗ್ತೀರಿ. ನಾನೇ ನೋಡಿದ್ದು ಎರಡು ಸಲ."

"ತೋರಿಸ್ತೀಯಾ?"

"ತೋರಿಸ್ತೇನೆ. ಗಂಡು ಕಾವಿಗೆ ಕೂತಿದೆ. ಒಂದೇ ಮೊಟ್ಟೆ. ಅಲ್ಲಿ ಏನನ್ನೂ ಮುಟ್ಟಬಾರದು, ಮಾತು ಕೊಡಿ."

ಚಿನ್ನಯ್ಯ ಮಾತು ಕೊಟ್ಟ.

೩

(ಇಲ್ಲಿ ದಾರಿಗೆ ಒಂದಿಷ್ಟು ಜಿಗಣೆ ಬಿಟ್ಟಿದ್ದೆ. ಫೆಬ್ರವರಿಯಲ್ಲಿ ಜಿಗಣೆ ಎಲ್ಲಿಂದ ಬಂತು ಎಂದು ಅಮ್ಮಣಿ ಕೇಳಿದಳು. ಅಳಿಸಿದೆ.)

ಆಳೆತ್ತರಕ್ಕಿಂತ ತುಸು ಮೇಲೆ ಅವಳು ಬೆರಳು ತೋರಿಸಿದಳು. ಅವನಿಗೆ ಏನೂ ಕಾಣಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಮುರಿದ ಕೊಂಬೆಯೊಂದು ಸಣ್ಣಗೆ ಕಣ್ಣು ತೆರೆಯಿತು. ಅಲುಗದ ಮುಖಗಳನ್ನೇ ನೋಡಿ ನೋಡಿ ಹಣ್ಣಾದವನು ಅವನು. ಅಲುಗದೆಯೂ ಬದುಕಿರುವುದನ್ನು ಕಂಡದ್ದು ಇದೇ ಮೊದಲು.

ದಾರಿ ಬಿಡಿಸಲು ತಂದಿದ್ದ ಕತ್ತಿಯನ್ನು ಅಲ್ಲೇ ಬಿಟ್ಟು ಅಮ್ಮಣಿ ಸೀಗೆಕಾಯಿಗೆ ಹೋದಳು. ಬೆಳಕು ಸಾಲದು. ಎಲೆ ತುಂಬಿದ ಕೊಂಬೆಯೊಂದು ಗೂಡಿನ ಮೇಲೆ ನೆರಳು ಹಿಡಿದಿತ್ತು. ಸ್ಟುಡಿಯೋದಲ್ಲಾಗಿದ್ದರೆ ಎದ್ದು ಕಿಟಕಿಯ ಪರದೆ ಸರಿಸುತ್ತಿದ್ದ. ಮೂವತ್ತು ವರ್ಷದ ಅಭ್ಯಾಸ, ಕೈ ಯೋಚಿಸುವುದಿಲ್ಲ. ಕತ್ತಿ ಎತ್ತಿ ಕಡಿದೇಬಿಟ್ಟ.

ಬಿಸಿಲು ಹಕ್ಕಿಯ ಮೇಲೆ ಬಿತ್ತು. ಹಕ್ಕಿ ಹಾರಲಿಲ್ಲ, ಕೊಕ್ಕನ್ನು ಆಕಾಶಕ್ಕೆ ಎತ್ತಿ ಇನ್ನಷ್ಟು ಸ್ತಬ್ಧವಾಯಿತು. ಮೂರು ಸಲ ಕ್ಲಿಕ್ ಮಾಡಿದ. ಫಿಲ್ಮ್ ಸಿಗುವುದೇ ದುರ್ಲಭವಾಗಿದ್ದ ಕಾಲದಲ್ಲಿ ಮೂರು! ಆಮೇಲೆ ಕಡಿದ ಕೊಂಬೆಯನ್ನು ಪೊದೆಯೊಳಗೆ ತಳ್ಳಿ, ಅಮ್ಮಣಿ ಬರುವ ಮೊದಲೇ ತಾನೇ ಅವಳಿದ್ದಲ್ಲಿಗೆ ನಡೆದ.

೩ (ಎರಡನೆಯ ಸಲ)

ಇದನ್ನು ಬದಲಿಸಿದೆ. ಚಿನ್ನಯ್ಯ ಕತ್ತಿ ಎತ್ತಿದ, ಕೊಟ್ಟ ಮಾತು ನೆನಪಾಗಿ ಇಳಿಸಿದ, ಫೋಟೋ ಕಪ್ಪಗೆ ಬಂತು, ಅವನು ನಕ್ಕ. ಚೆಂದದ ಕಥೆ. ವಿಶೇಷಾಂಕಕ್ಕೂ ನಡೆಯುತ್ತದೆ. ಅಷ್ಟರಲ್ಲಿ ಅವನೇ ಬಂದು ನಾನು ಬರೆಯುವ ಮೇಜಿನ ಎದುರು ನಿಂತ.

"ನಾನು ಕಡಿದದ್ದು ಹೌದು. ಹಾಗೇ ಬರೆಯಿರಿ."

"ಓದುವವರು ನಿಮ್ಮನ್ನು ಕ್ಷಮಿಸುವುದಿಲ್ಲ ಮಾರಾಯ್ರೆ."

"ಕ್ಷಮಿಸಲಿಕ್ಕೆ ಅದು ಅವರ ಮೊಟ್ಟೆಯಾ?"

ಬದಲಿಸಿದ ಹಾಳೆಯನ್ನು ಬದಿಗಿಟ್ಟು ಮುಂದಕ್ಕೆ ಬರೆದೆ.

೪

ಮರುದಿನ ಬೆಳಿಗ್ಗೆ, ಊರಿಗೆ ಹೊರಡುವ ಮುನ್ನ ಇನ್ನೊಮ್ಮೆ ನೋಡುವ ಎಂದು ಅವನೇ ಹೇಳಿದ. ಇಬ್ಬರೂ ಹೋದರು. ಮರದ ಬುಡದಲ್ಲಿ ಬಿಳಿ ಚಿಪ್ಪಿನ ಚೂರು ಬಿದ್ದಿತ್ತು, ಹತ್ತಿರದ ಮರದಲ್ಲಿ ಎರಡು ಕಾಡುಕಾಗೆ. ಹಕ್ಕಿ ಮಾತ್ರ ಬರಿದಾದ ಗೂಡಿನ ಮೇಲೆ, ಬಿಸಿಲಲ್ಲಿ, ಕಾವು ಕೊಡುತ್ತಲೇ ಕೂತಿತ್ತು.

ಕೊಂಬೆ ಕಡಿದ ಗಾಯವನ್ನು ಅಮ್ಮಣಿ ನೋಡಿದಳು. ಅವಳು ಬೈಯಲೆಂದು ಅರ್ಧ ಪುಟ ಬಯ್ಗುಳ ಬರೆದುಕೊಟ್ಟಿದ್ದೆ. ಅವಳು ಅದನ್ನು ಮುಟ್ಟಲಿಲ್ಲ.

"ನಿಮಗೆ ಕಾಣಬೇಕಿತ್ತು, ಅಲ್ವಾ ಅಣ್ಣ? ಎಲ್ಲರಿಗೂ ಕಂಡಿತು."

ಚಿನ್ನಯ್ಯನಿಗೆ ನಾಚಿಕೆಯಾಯಿತು. ದುಃಖ ಆಮೇಲೆ ಬಂತು, ಮೊದಲು ಬಂದದ್ದು ನಾಚಿಕೆ.

೫, ಅಥವಾ ಬೇರೆ ಯಾವುದಾದರೂ

ಹಕ್ಕಿ ಇನ್ನೊಂದು ಮೊಟ್ಟೆಯಿಟ್ಟಿತು ಎಂದು ಬರೆಯಲೇ? ಅವನು ಬೇಡವೆಂದ. ಫಿಲ್ಮನ್ನು ಒಲೆಗೆ ಹಾಕಿದ? ಅದೂ ಬೇಡ. ಮದರಾಸಿನ ಸ್ಪರ್ಧೆಯಲ್ಲಿ ಫೋಟೋಗೆ ಮೊದಲ ಬಹುಮಾನ? (ಅದನ್ನು ಓದಿ ಹೇಳಲು ನನಗೇ ಬಾಯಿ ಬರಲಿಲ್ಲ.)

ಅವನು ಪೊದೆಯಿಂದ ಆ ಕೊಂಬೆಯನ್ನು ಎಳೆದು ತೆಗೆದ. ಎಲೆಗಳು ಸುರುಟಿದ್ದವು. ಎರಡು ಕೈಯಲ್ಲಿ ಎತ್ತಿ, ಅದು ಇದ್ದ ಜಾಗಕ್ಕೇ ಹಿಡಿದ. ಅರ್ಧ ಹಕ್ಕಿಗೆ ನೆರಳಾಯಿತು.

"ಬನ್ನಿ ಅಣ್ಣ, ಹೋಗುವ. ಬಸ್ಸು ತಪ್ಪುತ್ತದೆ."

"ನೀನು ಹೋಗು. ಬಿಸಿಲು ಆಚೆ ದಾಟಲಿ."

ಅವನು ಕೊಂಬೆಯನ್ನು ಹಿಡಿದೇ ನಿಂತಿದ್ದಾನೆ. ಬಿಸಿಲು ದಾಟಿಸುವುದು ನನ್ನ ಕೈಯಲ್ಲಿದೆ, ಒಂದು ವಾಕ್ಯ ಸಾಕು. ಆದರೆ ದಾಟಿತೆಂದು ಬರೆದರೆ ಅವನು ಕೈ ಇಳಿಸಬೇಕು, ಊರಿಗೆ ಹೋಗಬೇಕು, ಕತ್ತಲೆ ಕೋಣೆಯಲ್ಲಿ ಆ ಫಿಲ್ಮ್ ತೊಳೆಯಬೇಕು. ಅದು ಎಷ್ಟು ಚೆನ್ನಾಗಿ ಬಂದಿದೆ ಎಂದು ನೋಡಬೇಕು.

ನಾನು ಬರೆಯುವುದಿಲ್ಲ.