ಕೇಬಲ್ಲಿನ ಕಿವಿ

ನೀಟಾಗಿ ಕದಿಯುವ ಕಳ್ಳನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಾರುಕಟ್ಟೆ ಚೌಕದ ಮ್ಯಾನ್‌ಹೋಲಿಗೆ ಇಳಿದು ಟಾರ್ಚು ಬಿಟ್ಟು ನೋಡಿದರೆ, ತೋಳು ಗಾತ್ರದ ತಾಮ್ರದ ಕೇಬಲ್ಲನ್ನು ಕೊಯ್ದು ಎಳೆದುಕೊಂಡು ಹೋದ ಮಹಾನುಭಾವ ಉಳಿದ ತುದಿಗೆ ರಬ್ಬರಿನ ಟೋಪಿ ಹಾಕಿ, ಮೇಲೆ ಟೇಪು ಸುತ್ತಿ, ನೀರು ಇಳಿಯದಂತೆ ಬಂದೋಬಸ್ತು ಮಾಡಿಹೋಗಿದ್ದ. ಕಳ್ಳರಿಗೆ ಇಷ್ಟೆಲ್ಲ ಪುರುಸೊತ್ತು ಎಲ್ಲಿರುತ್ತದೆ? ಕೊಡಲಿಯಲ್ಲಿ ಕೊಚ್ಚಿ, ಲಾರಿಗೆ ಕಟ್ಟಿ ಎಳೆದು, ಕಾಲಿಗೆ ಬುದ್ಧಿ ಹೇಳುತ್ತಾರೆ.

ಸಾಲದ್ದಕ್ಕೆ ಕಿವಿ ಬೇರೆ ಬಿಟ್ಟಿದ್ದ. ಟೇಪಿನ ಕೊನೆಯನ್ನು ಒಳಮಡಚಿ ಬೆರಳಿಗೆ ಸಿಗುವಂತೆ ಬಿಡುವ ತುಂಡಿಗೆ ನಾವು ಕಿವಿ ಅನ್ನುತ್ತೇವೆ. ಮುಂದೆ ಬಂದು ಬಿಚ್ಚುವವರು ಉಗುರಿನಲ್ಲಿ ಕೆರೆಯುತ್ತಾ ಕೂರಬಾರದಲ್ಲ, ಅದಕ್ಕೆ. ನಮ್ಮ ಟೆಲಿಫೋನ್ ಕಂಪನಿಯಲ್ಲಿ ಹಾಗೆ ಕಿವಿ ಬಿಡುವವರು ಇಬ್ಬರೇ. ಒಬ್ಬಳು ನಾನು, ಕೇಬಲ್ ಜೋಡಿಸುವ ತಂಡದ ಮೇಸ್ತ್ರಿ. ಇನ್ನೊಬ್ಬ ನನ್ನ ಜೊತೆಗಾರ, ನಾವೆಲ್ಲ ಜಿರಾಫೆ ಅನ್ನುವವನು. ಮ್ಯಾನ್‌ಹೋಲಿಗೆ ಇಳಿಯಬೇಕೆಂದರೆ ಅವನು ತನ್ನನ್ನು ತಾನೇ ಕೊಡೆಯಂತೆ ಮಡಚಿಕೊಳ್ಳಬೇಕು, ಅಷ್ಟು ಉದ್ದ.

ಮೇಲೆ ಹತ್ತಿ ಬಂದರೆ ಅಂಗಡಿಯವರೆಲ್ಲ ಮುತ್ತಿಕೊಂಡಿದ್ದರು. ಕಳ್ಳ ಬಂದದ್ದು ಹಾಡುಹಗಲಲ್ಲೇ, ನಿನ್ನೆ. ಹಳದಿ ಜಾಕೆಟ್ಟು ತೊಟ್ಟು, ಸುತ್ತ ಅಡ್ಡಗಂಬಿ ಇಟ್ಟು ಕೆಲಸ ಮಾಡಿದವನನ್ನು ಕಂಪನಿಯವನೇ ಎಂದುಕೊಂಡು ಎಲ್ಲರೂ ದಾರಿ ಬಿಟ್ಟಿದ್ದರು, ಆಳು ಉದ್ದವೋ ಗಿಡ್ಡವೋ ಅಂತಲೂ ಯಾರೂ ನೋಡಿರಲಿಲ್ಲ. ಒಬ್ಬಾಕೆ ಕುಡಿಯಲು ನೀರನ್ನೂ ಕೊಟ್ಟಿದ್ದಳಂತೆ. ಈಗ ಬಡಾವಣೆಗೆ ಬಡಾವಣೆಯೇ ಮೂಕ. ಇದು ನಗರದ ಸ್ವಂತ ಕಂಪನಿ, ಜನರದ್ದು. ಅದನ್ನು ಮಾರಿ ಕೈತೊಳೆದುಕೊಳ್ಳೋಣ ಅನ್ನುವವರು ನಗರಸಭೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೇಬಲ್ ಕಳುವಾದ ದಿನ ಅವರಿಗೆ ಹಬ್ಬ.

ನಮ್ಮ ಭದ್ರತಾ ಅಧಿಕಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ನನ್ನನ್ನು ಪಕ್ಕಕ್ಕೆ ಕರೆದರು.

"ಇದು ಕಂಪನಿ ಒಳಗಿನವರದೇ ಕೆಲಸ ಮೇಡಂ. ಆ ಟೇಪಿನ ಮಡಿಕೆ ಯಾರದು ಅಂತ ಉಗ್ರಾಣದವರೇ ಹೇಳಿದ್ರು."

"ನಾನೂ ಹಾಗೇ ಮಡಚೋದು. ಹಾಗಿದ್ರೆ ನನ್ನನ್ನೂ ಹಿಡ್ಕೊಂಡು ಹೋಗಿ."

"ನೀವು ನಿನ್ನೆ ಇಡೀ ದಿನ ಎಕ್ಸ್‌ಚೇಂಜಲ್ಲೇ ಇದ್ರಿ. ಅವನು ರಜೆಯಲ್ಲಿದ್ದ. ಮಗೂಗೆ ಜ್ವರ ಅಂತಾನೆ. ಎಲ್ಲರೂ ಹೇಳೋದು ಅದನ್ನೇ."

ಜಿರಾಫೆಯನ್ನು ಆಗಲೇ ಭದ್ರತಾ ಕೋಣೆಯಲ್ಲಿ ಕೂರಿಸಿದ್ದರು. ಸಂಜೆಯೊಳಗೆ ಒಪ್ಪಿಕೊಳ್ಳದಿದ್ದರೆ ಪೊಲೀಸರ ಕೈಗೆ. ನಾನು ಕಂಪನಿಗೆ ಹೋಗಿ ಆ ಕೋಣೆಯ ಕಿಟಕಿಯಿಂದ ಇಣುಕಿದೆ. ಅಷ್ಟುದ್ದದ ಮನುಷ್ಯ ಒಂದು ಸ್ಟೂಲಿನ ಮೇಲೆ ಮುದುಡಿಕೊಂಡಿದ್ದ.

"ಮೇಸ್ತ್ರಿ, ನಾನಲ್ಲ," ಅಂದ. "ನೀವಾದ್ರೂ ಹೇಳಿ."

"ಗೊತ್ತು ಸುಮ್ನಿರೋ," ಅಂದೆ. ಯಾಕೆ ಗೊತ್ತು ಅನ್ನುವುದನ್ನು ಮಾತ್ರ ಹೇಳದೆ ಹೊರಟೆ.

ಕಂಪನಿಯಲ್ಲಿ ಇಬ್ಬರೇ ಅಂದೆ. ಕಂಪನಿಯ ಹೊರಗೆ ಇನ್ನೊಬ್ಬರಿದ್ದಾರೆ. ನಮ್ಮಿಬ್ಬರಿಗೂ ಕೈ ಹಿಡಿದು ಈ ಕೆಲಸ ಕಲಿಸಿದವರು, ಹೋದ ವರ್ಷ ನಿವೃತ್ತರಾದವರು, ನನ್ನ ಅಕ್ಕನ ಗಂಡ. ಭಾವ ಅಂಥವರಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಸ್ಕೂಟರ್ ಹತ್ತಿದೆ.

ನಮ್ಮ ಮನೆಯ ಕೆಳಗಿನ ಭಾಗದಲ್ಲೇ ಅಕ್ಕ ಭಾವ ಇರುವುದು. ಅಕ್ಕ ಬಟ್ಟೆ ಮಡಚುತ್ತಿದ್ದಳು. ಭಾವ ಎಲ್ಲಿ ಎಂದು ಕೇಳಿದೆ.

"ಕೆಲಸಕ್ಕೆ. ನಿಮ್ಮ ಕಂಪನಿಯವರೇ ಕಂತ್ರಾಟಿಗೆ ಕರೆದಿದಾರಂತಲ್ಲ, ನಿನಗೆ ಗೊತ್ತಿಲ್ವಾ?" ಅವಳ ಮುಖ ಅರಳಿತ್ತು. "ಮನೇಲಿ ಕೂತು ಕೂತು ಎಲ್ಲರ ಮೇಲೂ ಹರಿಹಾಯ್ತಿದ್ರು. ಜಾಕೆಟ್ ಹಾಕ್ಕೊಂಡ ಮೇಲೆ ನೋಡು, ಮದುವೆ ಗಂಡಿನ ಥರ ಹೊರಡ್ತಾರೆ."

ಬಾಗಿಲ ಹಿಂದೆ ಅವರ ಹಳದಿ ಜಾಕೆಟ್ಟು ತೂಗುತ್ತಿದ್ದ ಮೊಳೆ ಖಾಲಿಯಾಗಿತ್ತು.

"ಇವತ್ತು ಯಾವ ಕಡೆ ಅಕ್ಕಾ?"

"ಅಗ್ನಿಶಾಮಕ ಠಾಣೆ ಹಿಂದೆ ಅಂದ್ರಪ್ಪ. ಯಾಕೆ, ಏನಾದ್ರೂ ತರಬೇಕಿತ್ತಾ?"

ನಾನು ಆಗಲೇ ಸ್ಕೂಟರ್ ತಿರುಗಿಸಿದ್ದೆ. ಠಾಣೆಯ ಹಿಂದಿನ ಗಲ್ಲಿಯಲ್ಲಿ ಹೋಗುವುದು ಮುಖ್ಯ ಕೇಬಲ್. ಇಡೀ ನಗರದ ಬೆಂಕಿ ಕರೆ, ಆಂಬುಲೆನ್ಸ್ ಕರೆ ಎಲ್ಲ ಅದರಲ್ಲೇ. ಸಿಗ್ನಲ್ಲಿನಲ್ಲಿ ನಿಲ್ಲದೆ ನುಗ್ಗಿದ್ದಕ್ಕೆ ಯಾರೋ ಬೈದರು. ಬೈಯಲಿ. ಆ ಕೇಬಲ್ ಹೋದರೆ, ಎಲ್ಲೋ ಒಂದು ಮನೆಯಲ್ಲಿ ಯಾರೋ ಎದೆ ಹಿಡಿದುಕೊಂಡು ಬಿದ್ದಿರುತ್ತಾರೆ, ಫೋನು ಸತ್ತಿರುತ್ತದೆ. ನನಗೆ ಬೇರೇನೂ ಕಾಣುತ್ತಿರಲಿಲ್ಲ.

ಗಲ್ಲಿಯಲ್ಲಿ ಅಡ್ಡಗಂಬಿಗಳು ನೇರವಾಗಿ ನಿಂತಿದ್ದವು. ಕೆಂಪು ಬಾವುಟ ಕಟ್ಟಿತ್ತು. ಎಲ್ಲ ನಿಯಮದ ಪ್ರಕಾರ. ಇಲ್ಲದಿದ್ದದ್ದು ಮೇಲೆ ನಿಲ್ಲಬೇಕಾದ ಎರಡನೇ ಮನುಷ್ಯ ಮಾತ್ರ. ಬಗ್ಗಿ ನೋಡಿದೆ. ಭಾವ ಗರಗಸ ಹಿಡಿದು ಕೇಬಲ್ಲಿನ ಮೇಲೆ ಬಾಗಿದ್ದರು.

"ಭಾವ, ಕೈ ತೆಗೀರಿ."

ಅವರು ತಲೆ ಎತ್ತಿದರು. ಹೆದರಿದಂತೆ ಕಾಣಲಿಲ್ಲ, ಬೇಸರವಾದಂತೆ ಕಂಡಿತು. "ನೀನ್ಯಾಕೆ ಬಂದೆ? ಹೋಗು, ಏನೂ ನೋಡಿಲ್ಲ ಅಂತ ಹೋಗಿಬಿಡು."

"ಮಾರುಕಟ್ಟೇದು ನೀವೇನಾ?"

"ಉಳಿದದ್ದು ಕೆಡದ ಹಾಗೆ ಮುಚ್ಚಿಟ್ಟು ಬಂದೆನಲ್ಲ. ನಾಳೆ ಜೋಡಿಸೋಳು ನೀನೇ ತಾನೇ, ನಿನಗೆ ಕಷ್ಟ ಆಗಬಾರದು ಅಂತ."

ಕದ್ದು ಉಪಕಾರ ಬೇರೆ.

"ಜಿರಾಫೆನ ಕೂರಿಸಿದಾರೆ ಭಾವ. ನೀವು ಬಿಟ್ಟ ಕಿವಿ ನೋಡಿ ಅವನದು ಅಂತಿದಾರೆ. ಸಂಜೆ ಪೊಲೀಸ್ರಿಗೆ ಕೊಡ್ತಾರೆ."

ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಕಿವಿ ಬಿಟ್ಟಿದ್ನಾ?" ಅಂದರು, ತಮ್ಮನ್ನೇ ಕೇಳಿಕೊಂಡಂತೆ. ಒಂದು ಕ್ಷಣ ಅವರು ಮೇಲೆ ಬರುತ್ತಾರೆಂದು ನನಗೆ ಆಸೆ ಹುಟ್ಟಿತು. ಆಮೇಲೆ ಅವರ ದವಡೆ ಬಿಗಿಯಿತು.

"ಅವನಿಗೆ ವಯಸ್ಸಿದೆ, ಹೇಗೋ ಹೊರಗೆ ಬರ್ತಾನೆ. ಈ ಕೇಬಲ್ ಎಲ್ಲಾ ಹಾಕಿದ್ದು ಈ ಕೈ ಕಣೇ. ಒಂದು ಹೂಗುಚ್ಛ ಕೊಟ್ಟು ಗೇಟಿನ ಹೊರಗೆ ಬಿಟ್ರು. ಹೇಗೂ ಕಂಪನೀನ ಮಾರ್ತಾರೆ. ಅವರು ಮಾರೋ ಮುಂಚೆ ನನ್ನ ಪಾಲು ನಾನು ತಗೊಂಡ್ರೆ ತಪ್ಪೇನು? ಇದರಲ್ಲಿ ಈಗ ಏನೂ ಇಲ್ಲ, ಎಲ್ಲಾ ಹೊಸ ಕೇಬಲ್ಲಿಗೆ ಹೋಗಿದೆ."

"ಹೊಸದು ಕೆಟ್ಟು ಕೂತಿದೆ. ಆಂಬುಲೆನ್ಸ್ ಲೈನು ವಾಪಸ್ ಇದಕ್ಕೇ ಹಾಕಿದೀವಿ."

"ಸುಳ್ಳು," ಅಂದರು ಭಾವ, ಗರಗಸ ಎಳೆದರು.

ಸುಯ್ ಎಂಬ ಸದ್ದು ಮೇಲಿನವರೆಗೂ ಕೇಳಿಸಿತು. ಮುಖ್ಯ ಕೇಬಲ್ಲಿನೊಳಗೆ ನೀರು ಸೇರದಿರಲೆಂದು ಒಣ ಗಾಳಿ ತುಂಬಿರುತ್ತಾರೆ. ಹೊರಗಿನ ಕವಚ ಸೀಳಿದರೆ ಗಾಳಿ ಸೋರುತ್ತದೆ, ಎಕ್ಸ್‌ಚೇಂಜಿನಲ್ಲಿ ಗಂಟೆ ಹೊಡೆಯುತ್ತದೆ. ಭಾವನ ಕಾಲದಲ್ಲಿ ಆ ಗಾಳಿ ತುಂಬುವ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಕಳ್ಳತನ ಹೆಚ್ಚಿದ ಮೇಲೆ ನಾನೂ ಜಿರಾಫೆಯೂ ಅದನ್ನು ಮತ್ತೆ ಎಬ್ಬಿಸಿದ್ದೆವು. ಇದೆಲ್ಲ ಅವರಿಗೆ ಗೊತ್ತಿರಲಿಲ್ಲ. ಗಾಳಿಯ ಸದ್ದು ಕೇಳಿದ ಮೇಲೆ ಗೊತ್ತಾಯಿತು.

"ಗಂಟೆ ಹೊಡೆದಿರುತ್ತೆ," ಅಂದೆ. "ಜೀಪು ಹೊರಟಿರುತ್ತೆ."

ಗರಗಸ ಬಿತ್ತು. ಭಾವ ಏಣಿಗೆ ಕೈ ಹಾಕಿದರು.

"ಸರಿ ಕಣಮ್ಮ, ಸ್ಕೂಟರ್ ಕೀ ಕೊಡು. ನಾನು ಹೋದ ಮೇಲೆ ನೀನೇ ಕಂಡುಹಿಡಿದೆ ಅಂತ ಹೇಳು, ಹೆಸರು ಬರುತ್ತೆ. ನಿಮ್ಮಕ್ಕನ ಮುಖ ನೋಡು. ಬೀದಿಗೆ ಬರ್ತಾಳೆ."

ಅಕ್ಕನ ಮುಖ ಕಣ್ಣಮುಂದೆ ಬಂದೇ ಬಂತು. ಜೊತೆಗೇ ಸ್ಟೂಲಿನ ಮೇಲಿದ್ದವನ ಮುಖವೂ ಬಂತು. ನಮ್ಮ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ: ಕೆಳಗೆ ಒಬ್ಬರಿದ್ದಾಗ ಮೇಲಿನವರು ಏಣಿ ತೆಗೆಯಬಾರದು, ಪ್ರಾಣ ಹೋದರೂ ತೆಗೆಯಬಾರದು. ಅದನ್ನು ನನಗೆ ಕಲಿಸಿದ್ದು ಇವರೇ. ಅವರ ಪಾದ ಮೊದಲ ಮೆಟ್ಟಿಲಿಗೆ ಏರುವ ಮೊದಲೇ ನಾನು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದುಕೊಂಡೆ.

"ಏಯ್," ಅಂದರು ಭಾವ. "ಏಣಿ ಬಿಡು."

"ಬಿಡಲ್ಲ."

"ಓಡಲ್ಲ ಕಣೇ. ಮಾತು ಕೊಡ್ತೀನಿ, ಏಣಿ ಬಿಡು. ಇಲ್ಲಿ ಉಸಿರು ಕಟ್ತಿದೆ."

"ಆ ಗಾಳಿ ಸೋರೋ ಕಡೆ ಮುಖ ಇಟ್ಕೊಳ್ಳಿ. ಒಳ್ಳೆ ಗಾಳಿ ಅದು."

ಇಷ್ಟು ವರ್ಷ ಅವರು ಇಳಿ ಅಂದರೆ ಇಳಿದಿದ್ದೇನೆ, ಮುಟ್ಟು ಅಂದರೆ ಮುಟ್ಟಿದ್ದೇನೆ. ಆ ಮನುಷ್ಯನ ಮಾತನ್ನು ಅವತ್ತು ನಂಬಲಾಗಲಿಲ್ಲ. ಏಣಿಯನ್ನು ಎದೆಗೆ ಅವಚಿಕೊಂಡು ರಸ್ತೆಯ ಮೇಲೆ ಕೂತು ಅತ್ತೆ. ದಾರಿಹೋಕರು ಸುತ್ತು ಹಾಕಿಕೊಂಡು ಹೋದರು. ಕೆಳಗೆ ಭಾವ ಮೊದಲು ಬೈದರು, ಆಮೇಲೆ ಬೇಡಿದರು.

ಜೀಪು ಬಂತು. ಅಧಿಕಾರಿ ಓಡಿಬಂದು ಬಗ್ಗಿ ನೋಡಿದರು. "ಯಾರು ಮೇಡಂ ಇವನು?"

"ನನ್ನ ಭಾವ," ಅಂದೆ. "ಮಾರುಕಟ್ಟೇದೂ ಇವರದೇ. ಮೊದಲು ಆ ಹುಡುಗನ್ನ ಬಿಡಿ ಅಂತ ಫೋನ್ ಮಾಡಿ, ಆಮೇಲೆ ಏಣಿ ಕೊಡ್ತೀನಿ."

ಫೋನ್ ಮಾಡಿದರು. ಏಣಿ ಇಳಿಸಿ ನಾನೇ ಗಟ್ಟಿಯಾಗಿ ಹಿಡಿದುಕೊಂಡೆ. ಭಾವ ಹತ್ತಿ ಬಂದು ನನ್ನ ಪಕ್ಕದಲ್ಲೇ ಹಾದುಹೋದರು, ನನ್ನತ್ತ ನೋಡಲಿಲ್ಲ. ಕೇಬಲ್ಲಿನ ಕವಚ ಮಾತ್ರ ಸೀಳಿತ್ತು. ಒಳಗಿನ ಒಂದು ತಂತಿಯೂ ತುಂಡಾಗಿರಲಿಲ್ಲ.

ಪೊಲೀಸರು ಮನೆಗೆ ಹೋಗುವ ಮೊದಲೇ ನಾನು ಅಕ್ಕನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವಳು ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದಳು. ಕೇಬಲ್ ಜೋಡಿಸುವವನ ಹೆಂಡತಿ ಅವಳು, ನಮ್ಮ ಕಟ್ಟುಪಾಡುಗಳೆಲ್ಲ ಅವಳಿಗೂ ಗೊತ್ತು.

"ಅವರು ಕೆಳಗಿದ್ದಾಗ ಏಣಿ ಎಳ್ಕೊಂಡ್ಯಾ?"

"ಹೂಂ ಅಕ್ಕಾ."

ಅವಳು ನನ್ನ ಕೆನ್ನೆಗೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು ಹೊಡೆಯಲಿಲ್ಲ.

"ನಾನಾಗಿದ್ರೆ ಕೀ ಕೊಟ್ಟು ಕಳಿಸಿಬಿಡ್ತಿದ್ದೆ ಕಣೇ," ಅಂದಳು. "ಆ ಹುಡುಗ ಜೈಲಿಗೆ ಹೋಗ್ತಾನೆ ಅಂತ ಗೊತ್ತಿದ್ರೂ ಕಳಿಸ್ತಿದ್ದೆ. ಸದ್ಯ, ನಾನಲ್ಲಿ ಇರ್ಲಿಲ್ಲ."