ತಲೆ ಎತ್ತುವ ಜಾಗ

ಕೊಳ್ಳೇಗಾಲದ ಆ ಕಚೇರಿಯಲ್ಲಿ ಹಳೆಯ ಬರಹಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅಜ್ಜೀಪುರದ ರೂಪಳದು. ಈ ಸಲ ಅವಳ ಪಾಲಿಗೆ ಬಂದದ್ದು ಅವಳ ಅಪ್ಪನದೇ ಕಟ್ಟು. ತೀರಿಹೋದ ಪುಟ್ಟಸಿದ್ದಯ್ಯ, ಕಲ್ಲುಕೋರೆಯ ಕೂಲಿಗಳಿಗೆಂದು ಕೈಯಲ್ಲೇ ಬರೆದು ಹೊರಡಿಸುತ್ತಿದ್ದ ಪತ್ರಿಕೆ.

ಕೂಲಿಗಳಲ್ಲಿ ಓದು ಬಲ್ಲವರು ಕಡಿಮೆ. ಸಂಜೆ ಶಾಲೆಯ ಜಗಲಿಯಲ್ಲಿ ಸುತ್ತ ಕೂರುತ್ತಿದ್ದರು, ಪುಟ್ಟಸಿದ್ದಯ್ಯ ಗಟ್ಟಿಯಾಗಿ ಓದುತ್ತಿದ್ದ. ನಿಲ್ಲಬೇಕಾದ ಕಡೆಗಳಲ್ಲಿ ಬರೆಯುವಾಗಲೇ ಒಂದು ಸೊನ್ನೆ ಹಾಕಿಟ್ಟಿರುತ್ತಿದ್ದ. ಸೊನ್ನೆ ಬಂತೆಂದರೆ ಓದುವವನು ತಲೆ ಎತ್ತಬೇಕು, ಕೂತವರ ಮುಖ ನೋಡಬೇಕು, ಅವರು ಬಾಯಿ ಬಿಡುವ ತನಕ ಕಾಯಬೇಕು. ಅವರು ಆಡಿದ ಮಾತನ್ನು ಯಾರೂ ಬರೆದಿಡಲಿಲ್ಲ.

ಕೋರೆಯಲ್ಲಿ ಸತ್ತ ಸೋದರಮಾವ ಮಾದುವಿನ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. "ಅವ್ನ ಮಾತು ಆ ಕಾಗ್ದದಲ್ಲೇ ಒಂದು ಸುನ್ನೇಲಿ ಅದೆ ಕಣಮ್ಮಿ" ಎಂದು ಅವ್ವ ಪುಟ್ಟಮಾದಮ್ಮ ಹೇಳುತ್ತಲೇ ಇರುತ್ತಾಳೆ. ಯಾವ ಸೊನ್ನೆ ಎಂದು ತೋರಿಸಲು ಅವಳಿಗೆ ಅಕ್ಷರ ಬಾರದು.

"ವಿರಾಮಚಿಹ್ನೆಗೆ ಏನೇನು ಮಾಡಿದ್ವಿ ಅನ್ನೋ ಟಿಪ್ಪಣಿ ಇವತ್ತೇ ಹೋಗ್ಬೇಕು ರೂಪಾ," ಎಂದ ಮೇಲ್ವಿಚಾರಕ ಉದಯಕುಮಾರ್. "ಆ ಸೊನ್ನೆ ಎಲ್ಲಾ ಫುಲ್‌ಸ್ಟಾಪ್ ಮಾಡಿ. ಮೊದಲೇ ಪ್ರಶ್ನೆ ಚಿಹ್ನೆ ಇದ್ರೆ ಸೊನ್ನೆ ತೆಗೆದೇ ಬಿಡಿ."

"ಅದು ಫುಲ್‌ಸ್ಟಾಪಲ್ಲ ಸಾ. ಅಲ್ಲಿ ಜನ ಮಾತಾಡೋರು."

"ಏನು ಮಾತಾಡಿದ್ರು? ಬರ್ದಿದ್ದಾರಾ?"

"ಇಲ್ಲ ಸಾ."

"ಬರೀದೇ ಇರೋದನ್ನ ಟೈಪ್ ಮಾಡೋಕಾಗುತ್ತೇನ್ರೀ?"

ಪಕ್ಕದ ಮೇಜಿನವರು ನಕ್ಕರು.

"ಅದ್ರಲ್ಲೊಂದು ಸುನ್ನೆ ನಮ್ಮ ಮಾವ ಸಾ."

ನಗು ನಿಂತಿತು. ಉದಯಕುಮಾರ್ ಕೆಟ್ಟವನಲ್ಲ; ಕನ್ನಡಕ ತೆಗೆದು ಒರೆಸಿಕೊಂಡ. "ಎಲ್ಲಾ ಬರಹಕ್ಕೂ ಒಂದೇ ನಿಯಮ. ನಾನು ಮಾಡಿದ್ದಲ್ಲ."

ಒಂದೇ ನಿಯಮವಂತೆ! ಯಳಂದೂರಿನ ಸಾಹುಕಾರರೊಬ್ಬರ ಮನೆಯ ಓಲೆಗರಿ ಬಂದಾಗ ಇದೇ ಕಚೇರಿ ಒಂಟಿಗೆರೆ ಯಾವುದು, ಜೋಡಿಗೆರೆ ಯಾವುದು, ಹುಳು ತಿಂದ ತೂತು ಯಾವುದು ಎಂದು ಪುಟಗಟ್ಟಲೆ ಬರೆದು, ಒಂದೊಂದಕ್ಕೂ ಬೇರೆ ಬೇರೆ ಸಂಕೇತ ಕೊಟ್ಟಿತ್ತು. ಹುಳುವಿಗೆ ಸಿಕ್ಕ ಮರ್ಯಾದೆ ಕಲ್ಲೊಡೆದವರಿಗೆ ಸಿಗಲಿಲ್ಲ.

ರೂಪ ಟಿಪ್ಪಣಿಯಲ್ಲಿ ಬರೆದಳು: ಸೊನ್ನೆ ಬಂದಲ್ಲಿ ಓದು ನಿಲ್ಲುತ್ತದೆ, ಕೇಳುವವರು ಮಾತಾಡುತ್ತಾರೆ. ಉದಯಕುಮಾರ್ ಅದನ್ನು ಓದಿದ. ಅಳಿಸಿ, ‘ಸೊನ್ನೆಯನ್ನು ಪೂರ್ಣವಿರಾಮವೆಂದು ಪರಿಗಣಿಸಲಾಗಿದೆ’ ಎಂದು ಹಾಕಿದ. ಕೆಳಗೆ, ಸಿದ್ಧಪಡಿಸಿದವರು ಎಂಬಲ್ಲಿ, ಅವಳ ಹೆಸರು ಹಾಗೇ ಉಳಿಯಿತು. ಕೆಲಸ ಬಿಟ್ಟು ಹೋಗುವ ಧೈರ್ಯ ಅವಳಿಗೆ ಬರಲಿಲ್ಲ. ಅವಳೇ ಗುಂಡಿ ಒತ್ತಿದಳು; ರೆಪ್ಪೆ ಬಡಿಯುವಷ್ಟರಲ್ಲಿ ಪರದೆಯ ಮೇಲೆ ಒಂದು ಸೊನ್ನೆಯೂ ಇರಲಿಲ್ಲ. ಮೂಲ ಹಾಳೆಗಳನ್ನು ಮೈಸೂರಿಗೆ ಹೋಗುವ ಪೆಟ್ಟಿಗೆಗೆ ತುಂಬಿದರು.

ಹನೂರು ದಾಟಿ ರೂಪ ಬಸ್ಸಿಳಿದು ಮನೆಗೆ ಬಂದಾಗ ಅವ್ವ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ನಿಮ್ಮಪ್ಪುಂದು ತಂದ್ಯಾ?"

"ಫೋನ್‌ನಲ್ಲಿ ಅದೆ ಅವ್ವ."

"ಓದು ಮತ್ತೆ."

ಯಾವುದು ಮೊದಲಿನ ಪೂರ್ಣವಿರಾಮ, ಯಾವುದು ಸೊನ್ನೆಯಾಗಿದ್ದದ್ದು ಎಂದು ಈಗ ಅವಳಿಗೂ ತಿಳಿಯದು. ಒಂದೂ ತಪ್ಪಬಾರದೆಂದು ಪ್ರತಿ ಪೂರ್ಣವಿರಾಮಕ್ಕೂ ತಲೆ ಎತ್ತಿದಳು.

ಅವ್ವನಿಗೆ ನಗು ಬಂತು. "ಅದ್ಯಾಕಮ್ಮಿ, ಕೋಳಿ ನೀರು ಕುಡ್ದಂಗೆ ಕತ್ತೆತ್ತೀಯೆ? ಇಲ್ಲಿ ಯಾರೂ ಉಸ್ರೆತ್ತಲಿಲ್ಲ. ಮುಂದ್ಕೋಗು."

ಇನ್ನೊಂದು ಕಡೆ ತಾನೇ ಕೈ ಅಡ್ಡ ಹಿಡಿದಳು. "ಇಲ್ಲಿ ನಾನೇ ಅಂದೆ, ಹೆಣ್ಣಾಳ್ಗೆ ಯಾಕೆ ಕಮ್ಮಿ ಕೂಲಿ, ನಾವು ಹೊತ್ರೆ ಕಲ್ಲೇನು ಹಗೂರಾದದಾ ಅಂತ. ಎಲ್ಲಾ ನಕ್ಕುದ್ರು. ನಿಮ್ಮಪ್ಪ ನಗ್ನಿಲ್ಲ."

ರೂಪ ಓದುತ್ತ ಹೋದಳು. ಬಿರುಕು ಬಿಟ್ಟ ಬಂಡೆಯ ಕೆಳಗೆ ನಾವು ಇಳಿಯುವುದಿಲ್ಲ ಎಂದು ನಾಳೆ ಮಾಲೀಕನಿಗೆ ಹೇಳಲು ಯಾರು ಹೋಗುತ್ತೀರಿ? ಅದು ಪ್ರಶ್ನೆ, ಪೂರ್ಣವಿರಾಮ ಇರಲಿಲ್ಲ. ಮುಂದಿನ ಸಾಲಿಗೆ ಹೋದಳು, ಅದರ ಮುಂದಿನದಕ್ಕೂ.

ಹುಣಸೆಹಣ್ಣು ಬಿಡಿಸುತ್ತಿದ್ದ ಕೈ ನಿಂತಿತ್ತು.

"ಮಾದೂನ ದಾಟ್ಕಂಡು ಓಗ್ಬುಟ್ಟೆಯಲ್ಲಮ್ಮಿ."

"ಎಲ್ಲವ್ವ?"

"ಯಾರು ಓಯ್ತೀರಿ ಅಂತ ಕೇಳಿ ನಿಮ್ಮಪ್ಪ ತಲೆ ಎತ್ತುದ್ರು. ಎಲ್ಲಾ ನೆಲ ನೋಡ್ಕಂಡು ಕೂತಿದ್ರು. ಇವ್ನೆದ್ದ. ‘ನಾನೋಯ್ತೀನಿ ಕಣ್ ಭಾವ’ ಅಂದ. ಒಂಟೋದ. ಎದುರು ಮಾತಾಡ್ದ ಅಂತ ಅವ್ನುನ್ನೇ ಮೊದ್ಲು ಆ ಬಂಡೆ ಕೆಳಕ್ಕಿಳಿಸ್ಬುಟ್ರು."

ರೂಪ ಪರದೆ ನೋಡಿದಳು. ಪ್ರಶ್ನೆ ಚಿಹ್ನೆಗೆ ಮುಂದಿನ ವಾಕ್ಯ ಅಂಟಿಕೊಂಡೇ ನಿಂತಿತ್ತು.

"ಅಲ್ಲಿಂದ್ಲೇ ಇನ್ನೊಂದ್ಸಲ ಓದು," ಎಂದಳು ಅವ್ವ.

ರೂಪ ಆ ಪ್ರಶ್ನೆಯನ್ನು ಮತ್ತೆ ಓದಿ, ತಲೆ ಎತ್ತಿ, ಕಾದಳು.